ಕಾರು ಬಿಟ್ಟು ಲಾರಿ ಹತ್ತಿದವರಿಗೆ: ಹಿಂದಿನ ಚಕ್ರ ಎಲ್ಲಿದೆ?

ಬೆಳಗ್ಗೆ ಐದೂವರೆ. ಯಶವಂತಪುರ ಎಪಿಎಂಸಿ ಯಾರ್ಡ್ ಹತ್ತಿರ ನಿಂತಿರೋ ಈ ಆರು ಚಕ್ರದ ಗಾಡಿ ನೋಡಿ. ಲೋಡ್ ಸೇರಿ 18.5 ಟನ್‌ವರೆಗೆ ತೂಗಬಹುದು. ಇವತ್ತಿನ ವ್ಲಾಗ್ ಇಂಥ ಗಾಡಿಗೆ ಹೊಸದಾಗಿ ಹತ್ತೋರಿಗೆ.

ಲೈಸೆನ್ಸ್ ವಿಷಯ ಬೇಗ ಮುಗಿಸೋಣ. 20 ವರ್ಷ ತುಂಬಿರಬೇಕು, ಎಲ್‌ಎಂವಿ (ಕಾರಿನಂಥ ಹಗುರ ವಾಹನದ) ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗಿರಬೇಕು. ಆಮೇಲೇ ಹೆವಿ ಗಾಡಿಗೆ ಎಲ್‌ಎಲ್, ಅಂದ್ರೆ ಕಲಿಯೋರ ಲೈಸೆನ್ಸ್. ಡ್ರೈವಿಂಗ್ ಸ್ಕೂಲಿಂದ ತರಬೇತಿ ಸರ್ಟಿಫಿಕೇಟ್ (ಫಾರ್ಮ್ 5), ಡಾಕ್ಟರ್ ಹತ್ರ ಮೆಡಿಕಲ್ ಸರ್ಟಿಫಿಕೇಟ್ (ಫಾರ್ಮ್ 1ಎ). ಸ್ಕೂಲ್ ಗಾಡಿ ಸಾಮಾನ್ಯವಾಗಿ ಖಾಲಿ ಇರುತ್ತೆ, ನನ್ನ ಪ್ರಕಾರ ಎಡವಟ್ಟು ಶುರುವಾಗೋದೇ ಅಲ್ಲಿಂದ. ಖಾಲಿ ಗಾಡೀಲಿ ಕೈ ಕೂತಿದ್ದು ಲೋಡ್ ಗಾಡೀಲಿ ಮೊದಲನೇ ಸಿಗ್ನಲ್‌ಗೇ ಕೈ ಕೊಡುತ್ತೆ.

ಇದು ಡ್ಯಾಶ್‌ಬೋರ್ಡ್. ಈ ಗಾಡಿ ಬ್ರೇಕ್ ಕೆಲಸ ಮಾಡೋದು ಟ್ಯಾಂಕಲ್ಲಿ ಒತ್ತಿ ತುಂಬಿದ ಗಾಳಿಯಿಂದ, ಅದೇ ಏರ್. ಏರ್ ಪ್ರೆಶರ್‌ಗೆ ಎರಡು ಮುಳ್ಳು, ಮುಂದಿನ ಬ್ರೇಕಿಗೊಂದು, ಹಿಂದಿನದಕ್ಕೊಂದು. ಎರಡೂ 7–8 ಬಾರ್ ಹತ್ತಿರ ಬರೋವರೆಗೂ ಗಾಡಿ ಅಲುಗಾಡಿಸಬಾರದು. ಏರ್ ಇಳಿದರೆ ಬ್ರೇಕ್ ಇರಲ್ಲ ಅಂತ ಹೊಸಬರು ಹೆದರ್ತಾರೆ. ನಿಜ ಏನಂದ್ರೆ, ಪಾರ್ಕಿಂಗ್ ಬ್ರೇಕ್ ಒಳಗಿನ ಸ್ಪ್ರಿಂಗನ್ನ ಒತ್ತಿ ಹಿಡಿದಿರೋದೇ ಏರ್. ಅದು ಹೋದ್ರೆ ಸ್ಪ್ರಿಂಗ್ ಬಿಚ್ಚಿಕೊಂಡು ಹಿಂದಿನ ಚಕ್ರ ಕಚ್ಚಿಕೊಳ್ಳುತ್ತೆ, ಗಾಡಿ ನಡುರಸ್ತೇಲೇ ನಿಲ್ಲುತ್ತೆ. ಕಾರಲ್ಲಿ ಮಾಡಿದ ಹಾಗೆ ಪೆಡಲ್ ಪದೇ ಪದೇ ತುಳಿದ್ರೆ ಏರ್ ಖಾಲಿ ಆಗುತ್ತೆ ಅಷ್ಟೇ. ಇನ್ನೊಂದು, ತುಳಿದ ತಕ್ಷಣ ಬ್ರೇಕ್ ಹಿಡಿಯಲ್ಲ, ಏರ್ ಪೈಪಲ್ಲಿ ಹರಿದು ಬರಬೇಕು. 60 ಕಿಲೋಮೀಟರ್ ವೇಗದಲ್ಲಿ ಅರ್ಧ ಸೆಕೆಂಡ್ ತಡ ಅಂದ್ರೆ ಎಂಟು ಮೀಟರ್ ಹೋಯ್ತು.

ಈ ಉಂಗುರ ಕಾಣ್ತಿದೆಯಲ್ಲ, ಏರ್ ಟ್ಯಾಂಕಿನ ಅಡಿಯಲ್ಲಿ? ದಿನಾ ಇದನ್ನ ಎಳೀಬೇಕು. ಪುಸ್ ಅಂತ ಬರೀ ಗಾಳಿ ಬಂದ್ರೆ ಒಳ್ಳೇದು. ನೀರು ಬಂದ್ರೆ ಗಾಳಿಯ ತೇವ ತೆಗೆಯೋ ಏರ್ ಡ್ರೈಯರನ್ನ ಮೆಕ್ಯಾನಿಕ್‌ಗೆ ತೋರಿಸಿ. ನೀರಿನ ಜೊತೆ ಆಯಿಲ್ ಉಗುಳಿದ್ರೆ ಗಾಳಿ ತುಂಬೋ ಕಂಪ್ರೆಸರ್ ಕಡೆ ಅನುಮಾನ ಪಡಿ.

ಈಗ ಪೀಣ್ಯ ಇಂಡಸ್ಟ್ರಿಯಲ್ ಏರಿಯಾ, ಎಡ ತಿರುವು. ಈ ಶಾಟ್ ನಿಧಾನಕ್ಕೆ ನೋಡಿ. ಮುಂದಿನ ಚಕ್ರ ಮೂಲೆ ದಾಟಿದೆ. ಹಿಂದಿನ ಚಕ್ರ ಅದೇ ದಾರೀಲಿ ಬರಲ್ಲ, ಒಳಗಿಂದ ಕತ್ತರಿಸಿಕೊಂಡು ಬರುತ್ತೆ. ವೀಲ್‌ಬೇಸ್ (ಮುಂದಿನ–ಹಿಂದಿನ ಚಕ್ರದ ನಡುವಿನ ಅಂತರ) ಐದು ಮೀಟರ್ ಇದ್ದು ತಿರುವು ಬಿಗಿಯಾಗಿದ್ರೆ, ಸುಮಾರು ಒಂದು ಮೀಟರ್ ಒಳಗೆ. ಅಲ್ಲಿ ಫುಟ್‌ಪಾತ್ ಕಲ್ಲಿದ್ರೆ ಟೈರಿನ ಪಕ್ಕ ಸೀಳುತ್ತೆ. ಸ್ಕೂಟರಿದ್ರೆ ಹೇಳೋದೇ ಬೇಡ. ಅದಕ್ಕೇ ಇಂಡಿಕೇಟರ್ ಮೊದಲೇ ಹಾಕಿ, ಎಡಕ್ಕೆ ಸ್ಕೂಟರ್ ನುಗ್ಗೋಷ್ಟು ಜಾಗ ಬಿಡಬೇಡಿ. ಮುಂಭಾಗ ಮೂಲೆ ದಾಟೋವರೆಗೂ ನೇರ ಹೋಗಿ, ಆಮೇಲೆ ಸ್ಟೀರಿಂಗ್ ತಿರುಗಿಸಿ. ಕಣ್ಣು ಎಡಗನ್ನಡೀಲಿ, ಹಿಂದಿನ ಚಕ್ರ ಮೂಲೆ ದಾಟಿದ್ದು ಕಾಣೋವರೆಗೂ. ಕನ್ನಡಿ ಉಬ್ಬಿರೋದ್ರಿಂದ ಹತ್ತಿರದ್ದೂ ದೂರ ಕಾಣುತ್ತೆ, ನೆನಪಿರಲಿ. ಇನ್ನು ಬಾಲ: ಹಿಂದಿನ ಆಕ್ಸಲ್ ಆಚೆ ಚಾಚಿಕೊಂಡಿರೋ ಬಾಡಿ ಅದೇ ಹೊತ್ತಿಗೆ ಬಲಕ್ಕೆ ಬೀಸುತ್ತೆ. ಪಕ್ಕದ ಕಾರಿನ ಕನ್ನಡಿ ಹಾರಿಹೋಗೋದು ಹೀಗೆ.

ಗೊರಗುಂಟೆಪಾಳ್ಯ ಜಾಮ್. ಏರು ರಸ್ತೇಲಿ ಕ್ಲಚ್ ಅರ್ಧ ಒತ್ತಿ, ಅಂದ್ರೆ ಹಾಫ್ ಕ್ಲಚ್ ಮೇಲೆ, ಗಾಡಿ ನಿಲ್ಲಿಸಿಕೊಂಡ್ರೆ ಐದೇ ನಿಮಿಷಕ್ಕೆ ಸುಟ್ಟ ವಾಸನೆ ಬರುತ್ತೆ. ಪಾರ್ಕಿಂಗ್ ಬ್ರೇಕ್ ಹಾಕಿ ಕಾಲು ತೆಗೀರಿ. ಲೋಡ್ ಇದ್ರೆ ಒಂದನೇ ಗೇರಲ್ಲೇ ಎತ್ತಿ. ಎರಡನೇದರಲ್ಲಿ ಎತ್ತೋದು ಶೋಕಿ, ಅದರ ಬಿಲ್ಲು ಕ್ಲಚ್ ಪ್ಲೇಟಿಗೆ ಬೀಳುತ್ತೆ.

ಘಾಟಿಗೆ ಒಂದೇ ಮಾತು. ಶಿರಾಡಿ ಇಳಿಯುವಾಗ ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್ ಮಾಡಬೇಡಿ. ಎಂಜಿನ್ ತಡೆಯೂ ಹೋಯ್ತು, ಎಂಜಿನ್ ಹೊಗೆ ತಡೆದು ವೇಗ ಇಳಿಸೋ ಎಕ್ಸಾಸ್ಟ್ ಬ್ರೇಕೂ ಹೋಯ್ತು, ಭಾರವೆಲ್ಲ ಚಕ್ರದ ಬ್ರೇಕ್ ಡ್ರಮ್ ಮೇಲೆ. ಡ್ರಮ್ಮಿಗೆ ಉಜ್ಜೋ ಲೈನರ್ ಕಾದರೆ ಪೆಡಲ್ ಎಷ್ಟು ತುಳಿದ್ರೂ ಹಿಡಿಯಲ್ಲ.

ಗೋಡೌನ್ ಬಂತು, ರಿವರ್ಸ್. ಕ್ಲೀನರ್ "ಬರ್ಲಿ ಬರ್ಲಿ" ಅಂತಾನೆ ಅಂತ ಸುಮ್ಮನೆ ಬರಬೇಡಿ. ಮೊದಲು ಇಳಿದು ನೋಡಿ: ಮೇಲೆ ಜೋತಾಡೋ ಕೇಬಲ್, ಕೆಳಗೆ ಚರಂಡಿ ಚಪ್ಪಡಿ. ಕ್ಲೀನರ್ ಬಲಗನ್ನಡೀಲಿ ಕಾಣೋ ಜಾಗದಲ್ಲೇ ನಿಲ್ಲಬೇಕು, ಅವನು ಮರೆಯಾದ್ರೆ ಗಾಡಿ ನಿಲ್ಲಬೇಕು.

ನಿಲ್ಲಿಸಿದ ಮೇಲೂ ಕೀ ತಿರುಗಿಸೋಕೆ ಅವಸರ ಬೇಡ. ಎರಡು ಮೂರು ನಿಮಿಷ ಐಡ್ಲಿಂಗಲ್ಲಿ ಬಿಡಿ, ಎಂಜಿನ್‌ಗೆ ಗಾಳಿ ತಳ್ಳೋ ಟರ್ಬೋ ತಣಿಯಲಿ. ಬಿಸಿ ಇದ್ದಾಗಲೇ ಆಫ್ ಮಾಡಿದ್ರೆ ಬೇರಿಂಗಲ್ಲಿರೋ ಆಯಿಲ್ ಸುಟ್ಟು ಕರಿ ಕಟ್ಟುತ್ತೆ. ಆ ಹೊತ್ತಲ್ಲಿ ಟೈರ್ ಒಂದು ಸುತ್ತು ನೋಡಿ ಬನ್ನಿ. ಹಿಂದಿನ ಜೋಡಿ ಚಕ್ರದ ನಡುವೆ ಕಲ್ಲು ಸಿಕ್ಕಿಕೊಂಡಿದ್ರೆ ಈಗಲೇ ತೆಗೀರಿ.