ಪೇಷೆಂಟ್ ಪಕ್ಕದಲ್ಲಿ ಕೂತವರು

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಬಂದವರೆಲ್ಲ ಕೇಳುವುದು ಒಂದೇ: 'ಈಗ ಹೇಗಿದ್ದಾರೆ?' ಪಕ್ಕದಲ್ಲಿ ಗಂಜಿ ಲೋಟ ಹಿಡಿದು ನಿಂತವಳನ್ನು ಯಾರೂ ಕೇಳುವುದಿಲ್ಲ. ಕೇಳಿದರೂ, 'ನೀನು ಗಟ್ಟಿಗಿತ್ತಿ ಬಿಡವ್ವ' ಅಂತಾರೆ. ಪ್ರೀತಿಯ ಮಾತೇ ಅದು. ಆದರೆ ಅದನ್ನು ಕೇಳಿದ ಮೇಲೆ 'ನನ್ನ ಕೈಲಿ ಆಗ್ತಿಲ್ಲ' ಅನ್ನೋಕೆ ಬಾಯೇ ಬರುವುದಿಲ್ಲ, ಅಲ್ವಾ?

ಚಿತ್ರದುರ್ಗದ ನಮ್ಮ ಮನೆಯಲ್ಲಿ ಅಪ್ಪನಿಗೆ ಲಕ್ವ ಹೊಡೆದಾಗ ನಾನೂ ಗಟ್ಟಿಗಿತ್ತಿಯಾಗಿದ್ದೆ. ಬೆನ್ನು ಹುಣ್ಣಾಗಬಾರದು ಅಂತ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಅಲಾರಾಂ. ಒಂದು ರಾತ್ರಿ ಹೊರಳಿಸಿ, ಬೆನ್ನಿಗೆ ದಿಂಬು ಒತ್ತಿಟ್ಟು, ಒದ್ದೆ ಬಟ್ಟೆ ಬದಲಿಸಿದೆ. ಐದೇ ನಿಮಿಷಕ್ಕೆ ಮತ್ತೆ ಒದ್ದೆ. 'ನನ್ನ ಯಾಕೆ ಹೀಗೆ ಸಾಯಿಸ್ತೀಯಪ್ಪ' ಅಂದುಬಿಟ್ಟೆ. ಅಪ್ಪನಿಗೆ ಮಾತು ಹೋಗಿತ್ತು. ಕಿವಿ ಹೋಗಿರಲಿಲ್ಲ. ಸ್ವಾಧೀನವಿದ್ದ ಎಡಗೈಯಲ್ಲಿ ನನ್ನ ಮುಂಗೈ ಹಿಡಿದುಕೊಂಡ.

ಬೆಳಗಾಗುವ ತನಕ ಅಡುಗೆಮನೆಯಲ್ಲಿ ಕೂತು ಅತ್ತೆ. ನಾನೆಂಥ ಮಗಳು ಅನ್ನಿಸಿತು. ಈಗ ತಿಳಿಯುತ್ತದೆ, ಎಷ್ಟೋ ದಿನದಿಂದ ನಿದ್ದೆ ಕಾಣದ ಮೈ ಆಡಿದ ಮಾತು ಅದು. ಆ ದಿನಗಳಲ್ಲಿ ಈಳಿಗೆ ತಾಗಿದ ನನ್ನ ಬೆರಳು ಬೇಗ ಮಾಯಲೇ ಇಲ್ಲ. ಅಮೆರಿಕದ ಸಂಶೋಧಕರು ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರ ತೋಳಿನಲ್ಲಿ ಪುಟ್ಟ ಗಾಯ ಮಾಡಿ ನೋಡಿದ್ದರು. ಅಂಥ ಹೊರೆ ಇಲ್ಲದವರಿಗಿಂತ ಇವರ ಗಾಯ ಮಾಯಲು 9 ದಿನ ಜಾಸ್ತಿ ಹಿಡಿಯಿತು. ಇದು 1995ರಲ್ಲೇ ಪ್ರಕಟವಾಗಿತ್ತು. ನನಗೆ ಆಗಲೇ ಯಾರಾದರೂ ಹೇಳಿದ್ದರೆ!

'ಏನಾದ್ರೂ ಬೇಕಿದ್ರೆ ಹೇಳು' ಅಂತ ನೆಂಟರೆಲ್ಲ ಹೇಳಿ ಹೋಗಿದ್ದರು. ಬೇಕು ಅಂತ ಕೇಳೋದೇ ಕಷ್ಟ. ಪಕ್ಕದ ಮನೆ ಅಜ್ಜಿ ಮಾತ್ರ ಏನೂ ಕೇಳಲಿಲ್ಲ. ಒಂದು ದಿನ ಸಂಜೆ ನಾಲ್ಕಕ್ಕೆ ಬಂದು ಕೂತಳು. 'ಏಳವ್ವ, ನಾ ಕೂತಿರ್ತೀನಿ. ನೀ ಹೊರಗೆ ಹೋಗಿ ಬಾ.' ಮೊದಲ ದಿನ ಬಾಗಿಲಲ್ಲೇ ಸುಮ್ನೆ ನಿಂತೆ. ಮರುದಿನ ಕೋಟೆಯ ರಂಗಯ್ಯನ ಬಾಗಿಲ ತನಕ ನಡೆದೆ, ಒಂದು ಟೀ ಕುಡಿದೆ. ವಾಪಸ್ ಬಂದರೆ ಅಜ್ಜಿ ತನ್ನ ಎಮ್ಮೆಯ ಕಥೆ ಹೇಳುತ್ತಿದ್ದಳು. ಅಪ್ಪ ಬಾಯಿಯ ಒಂದೇ ಮಗ್ಗುಲಲ್ಲಿ ನಗುತ್ತಿದ್ದ.

ನಿಮ್ಮ ಬೀದಿಯಲ್ಲೂ ಇಂಥ ಮನೆ ಇರುತ್ತದೆ. ದಿನ, ಹೊತ್ತು ಗೊತ್ತು ಮಾಡಿಕೊಂಡು ಹೋಗಿ. ಬೆಂಗಳೂರಿಂದ ದುಡ್ಡು ಕಳಿಸುವ ತಮ್ಮ ತಿಂಗಳಿಗೆ ಎರಡು ರಾತ್ರಿಯಾದರೂ ಬಂದು ಆ ಅಲಾರಾಂಗೆ ತಾನು ಏಳಲಿ.

ಯಾರೂ ಇಲ್ಲದ ರಾತ್ರಿಗೆ ಒಂದು ನಂಬರ್ ಬರೆದುಕೊಳ್ಳಿ: 14416. ಟೆಲಿ ಮಾನಸ್ ಅಂತ, ಮನಸ್ಸಿನ ಸಂಕಟ ಹೇಳಿಕೊಳ್ಳೋಕೆ ಇರುವ ಸರ್ಕಾರದ ಸಹಾಯವಾಣಿ, 2022ರಿಂದ ಇದೆ. ದುಡ್ಡು ಕೊಡಬೇಕಿಲ್ಲ. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ಪೇಷೆಂಟ್‌ಗೆ ಮಾತ್ರ ಅಂತ ತಿಳಿಯಬೇಡಿ, ನೋಡಿಕೊಳ್ಳುವ ನಿಮಗೂ ಅದು. ಇನ್ನೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮಸ್ಕಾರ.