ಲೋಹ ಬೆರೆತರೆ ಕರೆಂಟಿಗೆ ಏನಾಗುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ನಿಂತು ಮೇಲೆ ನೋಡಿದರೆ ಹಳಿಗಳ ಮೇಲೆ ಎರಡು ತಂತಿ ಕಾಣುತ್ತವೆ. ಮೇಲಿನದು ಸ್ವಲ್ಪ ಜೋತು ಬಿದ್ದಿರುತ್ತದೆ. ಕೆಳಗಿನದು ನೇರ. ಈ ನೇರ ತಂತಿಗೆ ಎಂಜಿನ್ನಿನ ಪ್ಯಾಂಟೋಗ್ರಾಫ್, ಅಂದರೆ ಅದರ ನೆತ್ತಿಯ ಮೇಲೆ ಕರೆಂಟ್ ಹಿಡಿಯುವ ಚೌಕಟ್ಟು, ಉಜ್ಜಿಕೊಂಡು ಓಡುತ್ತದೆ. ಅದರಲ್ಲಿ 25,000 ವೋಲ್ಟ್ ವಿದ್ಯುತ್ ಇರುತ್ತದೆ. ಕೆಳಗಿನ ತಂತಿ ತಾಮ್ರದ್ದು. ಅದರ ಭಾರ ಹೊರುವ ಮೇಲಿನ ತಂತಿಗೆ ನಮ್ಮ ರೈಲ್ವೆ ಬಹಳ ಕಾಲದಿಂದ ಬಳಸಿದ್ದು ತಾಮ್ರಕ್ಕೆ ಚೂರೇ ಚೂರು ಕ್ಯಾಡ್ಮಿಯಂ ಬೆರೆಸಿದ ಲೋಹ. ಅಷ್ಟು ಬೆರೆತರೂ ತಂತಿ ಗಟ್ಟಿಯಾಗುತ್ತದೆ. ಆದರೆ ಕರೆಂಟ್ ಹರಿಸುವ ಗುಣ ಸ್ವಲ್ಪ ಇಳಿಯುತ್ತದೆ. ಲೋಹಗಳನ್ನು ಬೆರೆಸಿದಾಗ ಈ ನಷ್ಟ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಯಾಕೆ ಅನ್ನುವುದೇ ಇವತ್ತಿನ ಮಾತು.

ಲೋಹದ ಒಳಗೆ ಯಾವ ಪರಮಾಣುವಿಗೂ ಅಂಟಿಕೊಳ್ಳದೆ ಓಡಾಡುವ ಇಲೆಕ್ಟ್ರಾನ್‌ಗಳಿವೆ. ಕರೆಂಟ್ ಒಯ್ಯುವವು ಇವೇ. ಬಿಸಿಯನ್ನು ಹೆಚ್ಚಾಗಿ ಒಯ್ಯುವವೂ ಇವೇ. ಹಾಗಾಗಿ ಕರೆಂಟ್ ಚೆನ್ನಾಗಿ ಹರಿಯುವ ಲೋಹದಲ್ಲಿ ಬಿಸಿಯೂ ಬೇಗ ಹರಡುತ್ತದೆ. ಜರ್ಮನಿಯ ವಿಜ್ಞಾನಿಗಳಾದ ವೀಡಮನ್ ಮತ್ತು ಫ್ರಾಂಟ್ಸ್ ಇದನ್ನು 1853ರಲ್ಲೇ ಅಳೆದು ತೋರಿಸಿದ್ದರು. ಇಲೆಕ್ಟ್ರಾನ್ ಇದೆ ಎಂದು ಗೊತ್ತಾಗಿದ್ದು 1897ರಲ್ಲಿ! ಕಾರಣ ಗೊತ್ತಿಲ್ಲದ ಕಾಲದಲ್ಲೂ ಅಳತೆ ಇಷ್ಟು ಸರಿಯಾಗಿತ್ತು ಅನ್ನುವುದು ನನಗೆ ಇಂದಿಗೂ ಬೆರಗು.

ಈಗ ಹಿತ್ತಾಳೆಗೆ ಬರೋಣ. 70 ಪಾಲು ತಾಮ್ರ, 30 ಪಾಲು ಸತು ಸೇರಿದ ಹಿತ್ತಾಳೆ ತೆಗೆದುಕೊಳ್ಳಿ. ತಾಮ್ರ ಕರೆಂಟ್ ಹರಿಸುವ ಶಕ್ತಿಯನ್ನು 100 ಎಂದಿಟ್ಟುಕೊಂಡರೆ, ಸತುವಿನದು ಸುಮಾರು 28. ಜಾಸ್ತಿ ಪಾಲು ತಾಮ್ರವೇ ಇರುವುದರಿಂದ ಹಿತ್ತಾಳೆಗೆ 75ರ ಆಸುಪಾಸು ಸಿಗಬೇಕು, ಅಲ್ವಾ? ಸಿಗುವುದಿಲ್ಲ. ಅದರದೂ ಸುಮಾರು 28. ಅಷ್ಟೊಂದು ತಾಮ್ರ ಇದ್ದೂ ಬರೀ ಸತುವಿನ ಮಟ್ಟಕ್ಕೆ ಇಳಿದುಬಿಡುತ್ತದೆ. ಬಿಸಿ ಹರಡುವ ಲೆಕ್ಕದಲ್ಲೂ ಹೆಚ್ಚುಕಡಿಮೆ ಇದೇ ಕಥೆ.

ಇಲ್ಲಿ ಹೊಲ ಬಲ್ಲವರಿಗೆ ಒಂದು ಮಾತು. ಕೂರಿಗೆಯಲ್ಲಿ ಬಿತ್ತಿದ ಜೋಳದ ಹೊಲದಲ್ಲಿ ಸಾಲು ಹಿಡಿದು ಸಲೀಸಾಗಿ ನಡೆಯಬಹುದು. ಶುದ್ಧ ತಾಮ್ರದಲ್ಲಿ ಇಲೆಕ್ಟ್ರಾನ್ ಹೀಗೇ ಸಾಗುತ್ತದೆ. ಅದೇ ಹೊಲದಲ್ಲಿ ತೊಗರಿ ಗಿಡಗಳು ಎಲ್ಲೆಂದರಲ್ಲಿ ಎದ್ದಿದ್ದರೆ? ಹೆಜ್ಜೆ ಹೆಜ್ಜೆಗೂ ಅಡ್ಡ. ಹಿತ್ತಾಳೆಯಲ್ಲಿ ಸತುವಿನ ಪರಮಾಣುಗಳು ಕೂತಿರುವುದು ಹಾಗೆ. ಆದರೆ ಮೂರು ಸಾಲು ಜೋಳ, ಒಂದು ಸಾಲು ತೊಗರಿ ಎಂದು ಅಕ್ಕಡಿ ಹಾಕಿದ್ದರೆ ಮತ್ತೆ ದಾರಿ ಬಿಡುತ್ತದೆ. ಲೋಹದಲ್ಲೂ ಹೀಗಾಗುತ್ತದೆ! ಮೂರು ಪರಮಾಣು ತಾಮ್ರಕ್ಕೆ ಒಂದು ಪರಮಾಣು ಚಿನ್ನದಂತೆ ಬೆರೆಸಿ, ಬಹಳ ನಿಧಾನವಾಗಿ ತಣಿಸಿದರೆ ಎರಡೂ ತಮ್ಮ ತಮ್ಮ ಜಾಗ ಹಿಡಿದು ಕ್ರಮವಾಗಿ ಕೂರುತ್ತವೆ. ಆಗ ರೋಧ, ಅಂದರೆ ಕರೆಂಟಿಗೆ ಆಗುವ ಅಡ್ಡಿ, ತುಂಬಾ ಇಳಿಯುತ್ತದೆ. ಬೇಗ ತಣಿಸಿದರೆ ಅದೇ ಬೆರಕೆಯಲ್ಲಿ ರೋಧ ಜಾಸ್ತಿ. ಅಂದರೆ ತೊಂದರೆ ಬೆರಕೆಯದಲ್ಲ, ಕ್ರಮ ತಪ್ಪಿದ್ದರದು.

ಇಷ್ಟಾದರೂ ಪ್ಲಗ್ಗಿನ ಪಿನ್ನಿಗೆ ಹಿತ್ತಾಳೆಯನ್ನೇ ಬಳಸುತ್ತಾರೆ. ದಿನಾ ಚುಚ್ಚಿ ತೆಗೆಯುವ ಪಿನ್ ಸವೆಯಬಾರದು, ಬಾಗಬಾರದು. ಉದ್ದ ಎರಡು ಬೆರಳಿನಷ್ಟೂ ಇಲ್ಲ, ದಪ್ಪ ಸಾಕಷ್ಟಿದೆ. ಅಲ್ಲಿ ನಷ್ಟ ಲೆಕ್ಕಕ್ಕೆ ಬರುವುದಿಲ್ಲ. ಮನೆ ತುಂಬಾ ಎಳೆಯುವ ವೈರಿಗೆ ಮಾತ್ರ ಶುದ್ಧ ತಾಮ್ರವೇ ಬೇಕು.

ಕೆಲವು ಕಡೆ ರೋಧವೇ ಬೇಕಾಗಿರುತ್ತದೆ. ಹೀಟರಿನ ಕಾಯಿಲ್ ನಿಕ್ರೋಮ್, ಅಂದರೆ ನಿಕ್ಕಲ್ ಮತ್ತು ಕ್ರೋಮಿಯಂ. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ಇದಕ್ಕೆ ಪೇಟೆಂಟ್ ಪಡೆದ. ತಾಮ್ರಕ್ಕಿಂತ ಇದರ ರೋಧ 60 ಪಟ್ಟಿಗೂ ಜಾಸ್ತಿ. ಕೆಂಪಗೆ ಕಾದರೂ ಬೇಗ ಸುಟ್ಟುಹೋಗುವುದಿಲ್ಲ, ಯಾಕೆಂದರೆ ಕ್ರೋಮಿಯಂ ಮೇಲ್ಮೈಯಲ್ಲಿ ತಾನೇ ಒಂದು ರಕ್ಷಣೆಯ ಪದರ ಕಟ್ಟಿಕೊಳ್ಳುತ್ತದೆ. ಅಡುಗೆಮನೆಯ ಸ್ಟೀಲ್ ಪಾತ್ರೆಯೂ ಕಬ್ಬಿಣಕ್ಕೆ ಕ್ರೋಮಿಯಂ, ನಿಕ್ಕಲ್ ಬೆರೆಸಿದ್ದು. ತುಕ್ಕು ಹಿಡಿಯುವುದಿಲ್ಲ, ಆದರೆ ಬಿಸಿ ಹರಡುವುದರಲ್ಲಿ ತಾಮ್ರಕ್ಕಿಂತ 25 ಪಟ್ಟು ಹಿಂದೆ. ತೆಳು ತಳದ ಸ್ಟೀಲ್ ಪಾತ್ರೆಯಲ್ಲಿ ಹಾಲು ಉರಿ ತಾಗಿದಲ್ಲೇ ಸೀಯುವುದು ಇದಕ್ಕೇ.

ಗದಗ, ಹಾವೇರಿ ಕಡೆಯ ಪಂಪ್‌ಸೆಟ್ ರೈತರಿಗೆ ಒಂದು ಮಾತು ಹೇಳಲೇಬೇಕು. ಮೋಟರ್ ಸುಟ್ಟಾಗ ರಿವೈಂಡಿಂಗಿಗೆ, ಅಂದರೆ ಒಳಗಿನ ತಂತಿ ಹೊಸದಾಗಿ ಸುತ್ತಲು, ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಅಗ್ಗ ಎನ್ನುತ್ತಾರೆ. ಅಲ್ಯೂಮಿನಿಯಂ ಕೆಟ್ಟದ್ದಲ್ಲ. ಕಂಬದಿಂದ ಕಂಬಕ್ಕೆ ಎಳೆದಿರುವುದು ಅದೇ. ಹಗುರ, ದಪ್ಪ ಹಾಕಲು ಜಾಗವಿದೆ. ಆದರೆ ತಾಮ್ರದಷ್ಟೇ ಕರೆಂಟ್ ಒಯ್ಯಲು ಅದರ ಅಡ್ಡಕೊಯ್ತ, ಅಂದರೆ ಕತ್ತರಿಸಿದ ತುದಿಯ ವಿಸ್ತೀರ್ಣ, ಸುಮಾರು 1.6 ಪಟ್ಟು ಇರಬೇಕು. ತಾಮ್ರಕ್ಕೆಂದೇ ಅಳತೆ ಮಾಡಿದ ಮೋಟರಿನಲ್ಲಿ ತಂತಿ ಕೂರುವ ಸಂದಿಯಲ್ಲಿ ಅಷ್ಟು ಜಾಗ ಎಲ್ಲಿದೆ? ತೆಳು ತಂತಿ ಸುತ್ತಿದರೆ ಬೇಗ ಕಾಯುತ್ತದೆ. ಕಾದಂತೆ ರೋಧ ಇನ್ನೂ ಏರುತ್ತದೆ. ತಾಮ್ರದಲ್ಲೇ 20 ಡಿಗ್ರಿಯಿಂದ 100 ಡಿಗ್ರಿಗೆ ಹೋದರೆ ರೋಧ ಶೇಕಡಾ 30ರಷ್ಟು ಜಾಸ್ತಿ. ಬೇಸಿಗೆಯಲ್ಲಿ ವೋಲ್ಟೇಜ್ ಇಳಿದರೆ ಮೋಟರ್ ಇನ್ನಷ್ಟು ಕರೆಂಟ್ ಎಳೆಯುತ್ತದೆ, ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

ವೈರ್ ಕೊಳ್ಳುವಾಗ ತುದಿ ಕತ್ತರಿಸಿ ನೋಡಿ. ಹೊರಗೆ ಕೆಂಪಗಿದ್ದು ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಹೊದಿಸಿದ ಅಲ್ಯೂಮಿನಿಯಂ. ಅಲ್ಯೂಮಿನಿಯಂ ತಂತಿಯನ್ನು ತಾಮ್ರದ ತಂತಿಗೆ ಸುಮ್ನೆ ಹೊಸೆದು ಟೇಪ್ ಸುತ್ತಬೇಡಿ. ಆ ಜೋಡಣೆ ಸಡಿಲಾಗಿ, ತೇವಕ್ಕೆ ಲೋಹ ಸವೆದು, ಅಲ್ಲೇ ಕಾಯಲು ಶುರುವಾಗುತ್ತದೆ. ಎರಡೂ ಲೋಹಕ್ಕೆ ಒಗ್ಗುವ, ತಂತಿಯ ತುದಿಗೆ ಹಾಕುವ ಬೈಮೆಟಲ್ ಲಗ್ ಎಂಬ ತುಂಡು ಅಂಗಡಿಯಲ್ಲಿ ಸಿಗುತ್ತದೆ. ಲೈನ್ ಬಂದ್ ಮಾಡಿಸಿ, ಕೆಲಸ ಬಲ್ಲವರಿಂದಲೇ ಹಾಕಿಸಿ.

ನಮಸ್ಕಾರ.