ತಡೆದು ಕೇಳುವ ಮನೋರಮೆ

ಕೇಳುಗರಿಗೆ ನಮಸ್ಕಾರ. ಇಂದು ಜನವರಿ 24. 1870ರಲ್ಲಿ ಇದೇ ದಿನ ಕಾರ್ಕಳ ಸೀಮೆಯ ನಂದಳಿಕೆಯಲ್ಲಿ ಲಕ್ಷ್ಮೀನಾರಣಪ್ಪ ಹುಟ್ಟಿದರು. ಕನ್ನಡಿಗರು ಅವರನ್ನು ಬಲ್ಲದ್ದು ಮುದ್ದಣ ಎಂದೇ.

ಬಡತನದಿಂದಾಗಿ ಅವರ ಶಾಲೆಯ ಓದು ಮುಂದುವರಿಯಲಿಲ್ಲ. ಉಡುಪಿಯಲ್ಲಿ ಮಕ್ಕಳಿಗೆ ಅಂಗಸಾಧನೆ ಕಲಿಸುವ ಉಪಾಧ್ಯಾಯರಾದರು. ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನು ಬರೆದರು. ಆಮೇಲೆ ಹಳಗನ್ನಡಕ್ಕೆ ಕೈಹಾಕಿ, ತಾವೇ ಬರೆದ ಕಾವ್ಯಗಳನ್ನು ಯಾರೋ ಹಿಂದಿನ ಕವಿಯ ಕೃತಿಗಳೆಂದು ಹೇಳಿ ಮೈಸೂರಿನ ಪತ್ರಿಕೆಗೆ ಕಳುಹಿಸಿದರು. ವಿದ್ವಾಂಸರು ನಂಬಿ ಅಚ್ಚು ಹಾಕಿದರು. ಬರೆದದ್ದು ಜನರನ್ನು ತಲುಪಿದರೆ ಸಾಕು, ಹೆಸರು ಬೇಡ ಎನ್ನುವುದಕ್ಕೆ ಎಂಥ ಮನಸ್ಸು ಬೇಕು!

ಬರೆಯುವ ಗೆಳೆಯರೆಲ್ಲರೂ ಅವರ ‘ಶ್ರೀ ರಾಮಾಶ್ವಮೇಧ’ ಎಂಬ ಗದ್ಯಕಾವ್ಯದ ಆರಂಭವನ್ನು ಒಮ್ಮೆ ಓದಬೇಕು. ಮಳೆಗಾಲ. ಮನೆಗೆ ಬಂದ ಗಂಡ ಮುದ್ದಣನನ್ನು ಉಪಚರಿಸಿ, ಹೊತ್ತು ಹೋಗಲು ಒಂದು ಕಥೆ ಹೇಳೆಂದು ಮನೋರಮೆ ಕೇಳುತ್ತಾಳೆ. ಪದ್ಯದಲ್ಲಿ ಹೇಳಲೋ, ಗದ್ಯದಲ್ಲಿ ಹೇಳಲೋ ಎಂಬ ಮಾತು ಬಂದಾಗ ಅವಳ ತೀರ್ಪು ಸ್ಪಷ್ಟ: “ಪದ್ಯಂ ವಧ್ಯಂ, ಗದ್ಯಂ ಹೃದ್ಯಂ.” ಪದ್ಯ ಕೊಲ್ಲತಕ್ಕದ್ದು, ಗದ್ಯ ಮನಸ್ಸಿಗೆ ಹಿತವಾದದ್ದು ಎಂದರ್ಥ. ಸರಿ ಎಂದು ಮುದ್ದಣ ಉದ್ದುದ್ದ ಸಂಸ್ಕೃತ ಸಮಾಸಗಳಿಂದ ಶುರುಮಾಡುತ್ತಾನೆ. ಅವಳು ತಡೆಯುತ್ತಾಳೆ. ನೀರೇ ಇಳಿಯದ ಗಂಟಲಿಗೆ ಕಡುಬು ತುರುಕಿದಂತಾಯಿತು, ತಿರುಳ್ಗನ್ನಡದಲ್ಲಿ, ಅಂದರೆ ಅಚ್ಚಗನ್ನಡದಲ್ಲಿ ಹೇಳು ಎನ್ನುತ್ತಾಳೆ. ಕವಿ ದಾರಿ ಬದಲಿಸುತ್ತಾನೆ.

ಇದನ್ನು ಬರಿಯ ಸರಸ ಸಲ್ಲಾಪವೆಂದು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಸಮಾಸ ಕಟ್ಟಿದವರೂ ಮುದ್ದಣರೇ, ಅದನ್ನು ಒಪ್ಪದ ಹೆಣ್ಣನ್ನು ಎದುರಿಗೆ ಕೂರಿಸಿದವರೂ ಅವರೇ. ತಮ್ಮ ಪಾಂಡಿತ್ಯವನ್ನು ತಾವೇ ಪರೀಕ್ಷೆಗೆ ಒಡ್ಡಿಕೊಂಡರು. ಕಥೆಯ ನಡುನಡುವೆಯೂ ಅವಳು ಬಾಯಿ ಹಾಕುತ್ತಾಳೆ, ಸಂಶಯ ಕೇಳುತ್ತಾಳೆ, ಮುನಿಯುತ್ತಾಳೆ. ಅಶ್ವಮೇಧದ ಕುದುರೆ ಎಲ್ಲೆಲ್ಲಿ ಹೋಯಿತೆಂಬುದನ್ನು ಮರೆತವರಿಗೂ ಮನೋರಮೆ ನೆನಪಿದ್ದಾಳೆ.

ಕ್ಷಯರೋಗ ಮುದ್ದಣರನ್ನು 1901ರಲ್ಲಿ ಕೊಂಡೊಯ್ದಿತು. ವಯಸ್ಸು ಮೂವತ್ತೊಂದು. ಆ ಕಾವ್ಯಗಳು ಅವರವೇ ಎಂಬುದು ನಾಡಿಗೆ ತಿಳಿದದ್ದು ಅವರು ಹೋದ ಮೇಲೆ.

ಇಂದು ನೀವು ಬರೆಯಲು ಕುಳಿತರೆ, ಮೊದಲ ಪುಟವನ್ನು ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿ. ಅವರು ಎಲ್ಲಿ ತಡೆದರು, ಏನು ಕೇಳಿದರು ಎಂಬುದನ್ನು ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಎರಡನೆಯ ಪುಟವನ್ನು ಅಲ್ಲಿಂದಲೇ ಆರಂಭಿಸಿ. ನಮಸ್ಕಾರ.